ನಾವೇ ಮಾಡ್ಕೋತೀವಿ

ಟೈಲರ್ ಮಾಸ್ಟರು ಮಾತಿನಲ್ಲಿ ಜಿಪುಣರು. ಮದುವೆಯಾದ ಮೇಲಿನ ಮೂವತ್ತೊಂದು ವರ್ಷ ಅವರ ಪಾಲಿನ ಮಾತನ್ನೂ ಸೇರಿಸಿ ಹೆಂಡತಿಯೇ ಆಡಿ ಮುಗಿಸಿದ್ದಳು. ಆಕೆ ಬಸ್ ಕಂಡಕ್ಟರ್. ಟಿಕೆಟ್ ಇಲ್ಲದೆ ಹತ್ತಿದವರ ಜನ್ಮ ಜಾಲಾಡುವ ಬಾಯಿ. ಬೀದಿಯವರು ಅವಳನ್ನು ಕಂಡಕ್ಟರಮ್ಮ ಎನ್ನುತ್ತಿದ್ದರು, ಮಾಸ್ಟರನ್ನು ಬೆನ್ನ ಹಿಂದೆ 'ಪ್ಯಾಸೆಂಜರ್' ಎನ್ನುತ್ತಿದ್ದರು. ಮಾಸ್ಟರಿಗೆ ಅದು ಗೊತ್ತಿತ್ತು. ಬೇಸರವೇನೂ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ಡ್ಯೂಟಿಯಲ್ಲೇ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋದವು, ಮಾತೂ ಹೋಯಿತು. ಕಿವಿ, ಬುದ್ಧಿ, ಸಿಟ್ಟು ಮಾತ್ರ ಒಂದಿಷ್ಟೂ ಕಮ್ಮಿಯಾಗಲಿಲ್ಲ. ಮಾಸ್ಟರು ಅಂಗಡಿ ಮುಚ್ಚಿ ಹೊಲಿಗೆ ಮಿಷನ್ನನ್ನು ಮನೆಯ ಕಿಟಕಿಯ ಬಳಿ ತಂದಿಟ್ಟುಕೊಂಡರು. ಎಬ್ಬಿಸುವುದು, ತೊಳೆಯುವುದು, ಉಣಿಸುವುದು ಎಲ್ಲ ಅವರದೇ ಕೆಲಸ. ಮೊದಮೊದಲು ಒಂದು ಅಂಗಿ ತೊಡಿಸುವಷ್ಟರಲ್ಲಿ ಇಬ್ಬರಿಗೂ ಸಾಕುಸಾಕಾಗುತ್ತಿತ್ತು. ಆಗ ಮಾಸ್ಟರು ತಮ್ಮ ವಿದ್ಯೆ ತೋರಿಸಿದರು. ಬೆನ್ನ ಕಡೆ ಪೂರ್ತಿ ತೆರೆದುಕೊಳ್ಳುವ ಅಂಗಿ ಹೊಲಿದರು. ಎದುರಿನಿಂದ ನೋಡಿದರೆ ಕಾಲರ್, ಕಾಜಾ, ಆರು ಗುಂಡಿ, ಎಲ್ಲ ಕ್ರಮವಾಗಿ ಇವೆ, ಆದರೆ ಗುಂಡಿಗಳು ಬರೀ ತೋರಿಕೆಗೆ. ಅದನ್ನು ತೊಟ್ಟು ಕನ್ನಡಿ ನೋಡಿಕೊಂಡ ಕಂಡಕ್ಟರಮ್ಮ ಖುಷಿಗೆ ಅತ್ತಳು. ಕೈಲಾಗದವಳು ಎಂದು ಯಾರ ಕಣ್ಣಿಗೂ ಬೀಳಬಾರದು ಎಂಬುದೊಂದೇ ಅವಳಿಗೆ ಉಳಿದಿದ್ದ ಹಟ.

ಆ ಹಟವನ್ನು ಮಾಸ್ಟರು ಮಾತಿನಲ್ಲೂ ಕಾಪಾಡಿದರು. ಯಾರಾದರೂ ವಿಚಾರಿಸಿದರೆ "ಈಗಷ್ಟೇ ತಿಂಡಿ ತಿಂದ್ವಿ, ಸ್ನಾನ ಮಾಡಿದ್ವಿ" ಎನ್ನುವರು. ತಿನ್ನಿಸಿದೆ, ಮಾಡಿಸಿದೆ ಎಂಬ ಮಾತುಗಳಿಗೆ ಆ ಮನೆಯೊಳಗೆ ಜಾಗವಿರಲಿಲ್ಲ.

ಎಪ್ಪತ್ತು ಕೆಜಿಯ ಹೆಂಡತಿಯನ್ನು ದಿನಕ್ಕೆ ಎಂಟು ಸಲ ಎತ್ತಿ ಮಾಸ್ಟರಿಗೆ ಹರ್ನಿಯಾ ಆಯಿತು.

"ಇನ್ನೂ ತಡ ಮಾಡಿದ್ರೆ ಕರುಳು ಸಿಕ್ಕಾಕ್ಕೊಳ್ಳುತ್ತೆ" ಎಂದು ಡಾಕ್ಟರು ಗದರಿದರು. "ಆಪರೇಷನ್ ಆದ್ಮೇಲೆ ಆರು ವಾರ ಒಂದು ಬಕೆಟ್ ನೀರೂ ಎತ್ತಬಾರದು."

"ಹಾಗಾದ್ರೆ ನನ್ನ ಹೆಂಡ್ತಿನ?"

"ನೀವೇ ಹೋಗ್ಬಿಟ್ರೆ ಯಾರು ಎತ್ತುತ್ತಾರೆ? ಸಮಾಜ ಕಲ್ಯಾಣ ಕಚೇರಿಗೆ ಅರ್ಜಿ ಹಾಕಿ. ಸಹಾಯಕಿನ ಕಳಿಸ್ತಾರೆ."

ಮಾಸ್ಟರು ಅರ್ಜಿ ಹಾಕಿದರು. ಅದರಲ್ಲಿ 'ಆರೈಕೆದಾರರ ಉದ್ಯೋಗ' ಎಂಬ ಸಾಲಿತ್ತು. ಹಗಲೂ ರಾತ್ರಿ ದುಡಿಯುವವನನ್ನು ಏನು ಕೆಲಸ ಮಾಡ್ತೀಯಪ್ಪ ಎಂದು ಕೇಳುವುದಕ್ಕೆ ಕಾಗದವೇ ಆಗಬೇಕು, ಮನುಷ್ಯರಿಗೆ ಆ ಧೈರ್ಯ ಬರುವುದಿಲ್ಲ.

ಪರಿಶೀಲನೆಗೆ ಬಂದವನು ಮರ್ಯಾದಸ್ಥ. ಅವನು ಬರುತ್ತಾನೆಂದು ಮಾಸ್ಟರು ಬೆಳಿಗ್ಗೆಯೇ ಹೆಂಡತಿಗೆ ತಲೆ ಬಾಚಿ, ಗರಿಗರಿ ಅಂಗಿ ತೊಡಿಸಿ, ಕಾಣದ ಹಾಗೆ ಬೆನ್ನಿಗೆ ದಿಂಬು ಒತ್ತಿಟ್ಟು ಕುರ್ಚಿಯಲ್ಲಿ ಕೂರಿಸಿದ್ದರು.

"ಊಟ ಅವರೇ ಮಾಡ್ತಾರಾ?"

ಕಂಡಕ್ಟರಮ್ಮ ನೆಟ್ಟ ನೋಟದಿಂದ ಗಂಡನನ್ನೇ ನೋಡುತ್ತಿದ್ದಳು.

"ಮಾಡ್ತೀವಿ" ಎಂದರು ಮಾಸ್ಟರು.

"ಸ್ನಾನ?"

"ನಾವೇ ಮಾಡ್ಕೋತೀವಿ."

"ಬಟ್ಟೆ ಹಾಕ್ಕೊಳೋದು?" ಎನ್ನುತ್ತಾ ಅವನೇ ಆರು ಗುಂಡಿಗಳನ್ನು ನೋಡಿ ತಲೆಯಾಡಿಸಿ ಗುರುತು ಹಾಕಿದ. ಮಾಸ್ಟರು ಹೆಂಡತಿಯ ಕಾಲರ್ ನೆಟ್ಟಗೆ ಮಾಡಿದರು.

ಇಪ್ಪತ್ತು ದಿನಕ್ಕೆ ಪತ್ರ ಬಂತು. ರೋಗಿಯು ದೈನಂದಿನ ಕೆಲಸಗಳನ್ನು ಸ್ವತಃ ಮಾಡಿಕೊಳ್ಳುವುದರಿಂದ ಸಹಾಯಕಿಯ ಅಗತ್ಯವಿಲ್ಲ. ಆಕ್ಷೇಪವಿದ್ದರೆ ರೋಗಿಯೊಂದಿಗೆ ಕಚೇರಿಗೆ ಹಾಜರಾಗತಕ್ಕದ್ದು.

ಅಷ್ಟರಲ್ಲಿ ಮಾಸ್ಟರು ಎರಡು ಸಲ ನೋವಿಗೆ ನೆಲದ ಮೇಲೆ ಕುಸಿದಿದ್ದರು. ಎರಡನೇ ಸಲ ಕಂಡಕ್ಟರಮ್ಮನನ್ನು ಅರ್ಧ ಎತ್ತಿದ್ದರು, ಇಬ್ಬರೂ ಒಟ್ಟಿಗೇ ಬಿದ್ದರು. ಹೋಗದೆ ಗತಿಯಿರಲಿಲ್ಲ.

ಕಚೇರಿಯ ಮೇಡಂ ಫೈಲು ತೆರೆದು ಕೇಳಿದರು. "ಇದರಲ್ಲಿ ಎಲ್ಲ ಅವರೇ ಮಾಡ್ಕೋತಾರೆ ಅಂತಿದೆಯಲ್ರೀ?"

"ಇವಳನ್ನ ಒಂದು ನಿಮಿಷ ಹೊರಗೆ ಕೂರಿಸಿ ಬರ್ಲಾ ಮೇಡಂ? ಆಮೇಲೆ ಹೇಳ್ತೀನಿ."

"ಅವರ ಎದುರಿಗೇ ಹೇಳ್ಬೇಕು, ನಿಯಮ ಹಾಗಿದೆ. ಈ ಮಾಡ್ತೀವಿ ಗೀಡ್ತೀವಿ ಎಲ್ಲ ಬೇಡ. ಯಾರು ಮಾಡ್ತಾರೆ, ಅದನ್ನ ಹೇಳಿ."

ಮಾಸ್ಟರು ಹೆಂಡತಿಯ ಕಡೆ ನೋಡಲಿಲ್ಲ. ಮೇಜಿನ ಅಂಚನ್ನು ನೋಡುತ್ತಾ ಹೇಳಿದರು. "ನಾನು ತಿನ್ನಿಸ್ತೀನಿ. ಸ್ನಾನ ನಾನು ಮಾಡಿಸ್ತೀನಿ. ಕಕ್ಕಸು ನಾನೇ ತೊಳೀತೀನಿ. ಅವಳ ಕೈಲಿ ಏನೂ ಆಗಲ್ಲ."

"ಬಟ್ಟೆ? ಗುಂಡಿ ಹಾಕ್ಕೋತಾರೆ ಅಂತ ಬರೆದಿದಾರೆ."

ಮಾಸ್ಟರು ಗಾಲಿಕುರ್ಚಿಯನ್ನು ತಿರುಗಿಸಿದರು. ಹೆಂಡತಿಯನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಿ, ಬೆನ್ನ ಮೇಲಿನ ಬಟ್ಟೆಯನ್ನು ಸರಿಸಿ ತೋರಿಸಿದರು. ಪಕ್ಕದ ಮೇಜಿನವರೂ ಬರೆಯುವುದನ್ನು ನಿಲ್ಲಿಸಿ ನೋಡಿದರು.

ಸಹಾಯಕಿ ಮಂಜೂರಾದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ದಿನ ಒಡೆದದ್ದನ್ನು ಯಾವ ಆದೇಶವೂ ಕೂಡಿಸಲಾರದು. ಮನೆಗೆ ಬಂದ ಮೇಲೆ ಮಾಸ್ಟರು "ನನ್ನ ಮೇಲೆ ಸಿಟ್ಟಾ?" ಎಂದು ಹತ್ತು ಸಲ ಕೇಳಿದರು. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಗೋಡೆ ನೋಡುತ್ತಾ ಮಲಗಿದ್ದಳು.

ಆಪರೇಷನ್ ಸಲೀಸಾಗಿ ಆಯಿತು. ಸಹಾಯಕಿ ಒಳ್ಳೆಯ ಹೆಂಗಸು, ನೆಟ್ಟಗೆ ಕೆಲಸ ಮಾಡಿದಳು. "ನಿಮ್ಮ ಮನೆಯವರು ಪಾಪ, ಒಂದು ದಿನಾನೂ ಹಟ ಮಾಡ್ಲಿಲ್ಲ" ಎಂದು ಮೆಚ್ಚಿಕೊಂಡು ಹೇಳಿದಳು. ಕಂಡಕ್ಟರಮ್ಮ ಹಟ ಮಾಡಲಿಲ್ಲ ಎಂಬ ಮಾತನ್ನು ಮಾಸ್ಟರು ಇನ್ನೊಂದು ಸಲ ಹೇಳಿಸಿ ಕೇಳಿದರು.

ಆರು ವಾರ ಮುಗಿದು ಸಹಾಯಕಿ ಹೊರಟುಹೋದ ಮಧ್ಯಾಹ್ನ ಮಾಸ್ಟರು ತಾವೇ ಸೂಪು ಮಾಡಿ ಹೆಂಡತಿಯ ಎದುರು ಕುಳಿತರು. ಚಮಚ ಹಿಡಿದರೆ ಬಾಯಿ ತೆರೆದಳು. ಇನ್ನೊಂದಕ್ಕೂ ತೆರೆದಳು. ಕಣ್ಣು ಮಾತ್ರ ಎತ್ತಲಿಲ್ಲ. ಬಟ್ಟಲು ಪೂರ್ತಿ ಖಾಲಿಯಾಯಿತು. ಮಾಸ್ಟರಿಗೆ ಹಗುರವೆನಿಸಿ ಪಾತ್ರೆಯ ತಳದಲ್ಲಿ ಉಳಿದಿದ್ದನ್ನು ತಮ್ಮ ಬಾಯಿಗೆ ಹಾಕಿಕೊಂಡರು. ಉಪ್ಪು ಎರಡೆರಡು ಸಲ ಬಿದ್ದು ಸೂಪು ವಿಷವಾಗಿತ್ತು. ಹಿಂದಾಗಿದ್ದರೆ ಮೊದಲ ಚಮಚಕ್ಕೇ ಎಡಗೈಯಲ್ಲಿ ಬಟ್ಟಲನ್ನು ಗೋಡೆಗೆ ಹಾರಿಸುತ್ತಿದ್ದಳು.

"ಯಾಕೆ ತಳ್ಳಲಿಲ್ಲ ನೀನು?" ಮಾಸ್ಟರು ಅವಳ ಎಡಗೈ ಹಿಡಿದರು. "ತಳ್ಳಬೇಕಿತ್ತು ಕಣೇ, ತಳ್ಳಬೇಕಿತ್ತು."

ಬಟ್ಟಲು ಖಾಲಿ ಎಂದೂ ನೋಡದೆ ಕಂಡಕ್ಟರಮ್ಮ ಮುಂದಿನ ಚಮಚಕ್ಕೆ ಬಾಯಿ ತೆರೆದಳು.