ಚೀಲ ಕಾರಿನಲ್ಲಿ, ಅತ್ಯಾ ಬಸ್ಸಿನಲ್ಲಿ

ನನ್ನ ಕರಿ ಕಾರಿನಲ್ಲಿ ಮೊದಲು ಕೂತವರು ನಮ್ಮ ಮಾಮಾ. ಆಮೇಲೆ ಅತ್ಯಾನ ಚೀಲ ಕೂತಿತು. ಅತ್ಯಾ ಮಾತ್ರ ಒಂದು ದೀಪಾವಳಿಯಿಂದ ಹಿಡಿದು ಮರುವರ್ಷದ ದೀಪಾವಳಿ ದಾಟಿ ಸಂಕ್ರಮಣ ಬರುವ ತನಕ ಅದರ ಬಾಗಿಲಿನ ಹಿಡಿಕೆಯನ್ನೂ ಮುಟ್ಟಲಿಲ್ಲ. ಆ ಕಾರು ತೊಗೊಂಡದ್ದೇ ಅವಳಿಗಾಗಿ ಎಂದರೆ ನೀವು ನಂಬುತ್ತೀರೋ ಇಲ್ಲವೋ.

ಅತ್ಯಾ ಎಂದರೆ ನಮ್ಮ ಅಪ್ಪನ ಅಕ್ಕ. ಮಾಮಾ ಅವಳ ಗಂಡ, ನಿವೃತ್ತ ಮಾಸ್ತರು. ಬಸವನ ಬಾಗೇವಾಡಿಯ ಅವರ ಮನೆಯಲ್ಲಿದ್ದು ನಾನು ಐದನೆಯ ಇಯತ್ತೆಯಿಂದ ಮ್ಯಾಟ್ರಿಕ್ಕಿನವರೆಗೆ ಕಲಿತೆ. ಬರೆಯುವುದನ್ನು ಸಾಲೆಯಲ್ಲಿ ಕಲಿಸಿದರು. ಮಾತಾಡುವುದನ್ನು, ಅತ್ಯಾ ಮತ್ತು ಓಣಿಯ ಮುದುಕಿಯರು ಶೇಂಗಾ ಸುಲಿಯುತ್ತ ಕೂತಾಗ ಬದಿಯಲ್ಲಿ ಕೂತು ಕೇಳಿ ಕೇಳಿ ಕಲಿತೆ. ಒಮ್ಮೆ ನಾವಿಬ್ಬರೂ ಇಂಗಳೇಶ್ವರಕ್ಕೆ ಹೋಗಿ ಬರುವಾಗ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ಮಟಮಟ ಮಧ್ಯಾಹ್ನ. ಎರಡೂ ಕಡೆ ಎರೆ ಹೊಲ, ಹೆಸರಿಗೊಂದು ಗಿಡದ ನೆರಳಿಲ್ಲ. ಅತ್ಯಾ ತನ್ನ ಸೆರಗನ್ನು ನನ್ನ ತಲೆಯ ಮೇಲೂ ಎಳೆದುಕೊಂಡು ಊರ ತನಕ ನಡೆಸಿದಳು. ಕಾಲು ಸುಡುತ್ತಿದ್ದ ಸಿಟ್ಟಿಗೆ ನಾನು ಅಂದೆ:

“ಅತ್ಯಾ, ದೊಡ್ಡಾಕಿ ಆದ ಮ್ಯಾಲೆ ನಾ ಕಾರ ತೊಗೋತೀನಿ. ಎಲ್ಲಾರಗಿಂತ ಮೊದಲ ನಿನ್ನ ಕೂಡಸ್ತೀನಿ.”

“ಮುಂದಿನ ಸೀಟಿನ್ಯಾಗ?”

“ಹೂಂ, ಮುಂದಿನ ಸೀಟಿನ್ಯಾಗ.”

“ಖಿಡಕಿ ನನ್ನ ಕಡೆ ಇರಬೇಕು ನೋಡು,” ಎಂದಳು ಅತ್ಯಾ, ಕಾರು ನಾಳೆ ಮುಂಜಾನೆಯೇ ಮನೆಮುಂದೆ ಬಂದು ನಿಲ್ಲುತ್ತದೆ ಎಂಬಂತೆ.

ಆ ನಾಳೆ ಬರಲು ನಾನು ಇಂಡಿಯಲ್ಲಿ ಸಾಲೆಯ ಅಕ್ಕೋರಾಗಿ, ಮಕ್ಕಳನ್ನು ಬೆಳೆಸಿ, ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿಯಬೇಕಾಯಿತು. ಕಾರು ಆರಿಸುವಾಗ ಬಣ್ಣದ ಮಾತು ಬಂತು. ಅದರ ಹಿಂದಿನ ವಾರವಷ್ಟೇ ಒಂದು ಮದುವೆಯ ಕಾರ್ಯಾಲಯದ ಮುಂದೆ ನಾನು ಪರಿಚಯದವರ ಕಾರು ಎಂದು ತಿಳಿದು ಯಾರದೋ ಬಿಳಿ ಕಾರಿನಲ್ಲಿ ಹತ್ತಿ ಕೂತಿದ್ದೆ. ಕೂತದ್ದಷ್ಟೇ ಅಲ್ಲ, ಹಿಂದಿನ ಸೀಟಿನಲ್ಲಿದ್ದ ಮುದುಕರಿಗೆ “ಊಟ ಆತೇನ್ರಿ?” ಎಂದು ಕೇಳಿಯೂ ಬಿಟ್ಟಿದ್ದೆ. ಅವರು ಪಾಪ, “ಆತ್ರಿ, ಹೋಳಿಗಿ ಛಲೋ ಇದ್ದವ್ರಿ” ಎಂದರು. ಈ ಸೀಮೆಯಲ್ಲಿ ಹತ್ತು ಕಾರು ನಿಂತರೆ ಒಂಬತ್ತು ಬಿಳಿಯವು. ನನ್ನದು ದೂರದಿಂದಲೇ ಗುರುತು ಸಿಗಬೇಕು ಎಂದು ಕರಿಯದನ್ನೇ ಆರಿಸಿದೆ. ಅಂಗಡಿಯ ದೀಪದಲ್ಲಿ ಅದು ಈಗತಾನೆ ನದಿಯಿಂದ ಎದ್ದು ಬಂದ ಎಮ್ಮೆಯ ಹಾಗೆ ಮಿಂಚುತ್ತಿತ್ತು. ಅತ್ಯಾ ಏನನ್ನುತ್ತಾಳೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ನೇರ ಬಾಗೇವಾಡಿಗೆ ಓಡಿಸಿಕೊಂಡು ಹೋದೆ. ಅತ್ಯಾ ಆರತಿ ತಾಟು ಹಿಡಿದುಕೊಂಡೇ ಹೊರಬಂದಳು. ಬಂದವಳು ಹೊಸ್ತಿಲಲ್ಲೇ ನಿಂತಳು.

“ಅಂಗಡ್ಯಾಗ ಬ್ಯಾರೆ ಬಣ್ಣ ತೀರಿದ್ದವೇನ?”

“ಛಂದ ಕಾಣಸ್ತದಲ್ಲ ಅತ್ಯಾ?”

“ಎಮ್ಮೀನೂ ಛಂದ ಇರ್ತದ. ಅದರ ಮ್ಯಾಲೆ ಕೂತು ಬೀಗರ ಮನಿಗೆ ಹೋಗ್ತಾರೇನ? ಕೋಣನ ಮ್ಯಾಲೆ ಕೂತು ಬರಾಂವ ಒಬ್ಬಾಂವ ಇದ್ದಾನ. ಅಂವ ಗಾಡಿ ಕಳಿಸಿದಾಗ ಕೂತರಾತು. ಈಗೇನು ಅವಸರ?”

ಆರತಿಯನ್ನೇನೋ ಮಾಡಿದಳು, ಆದರೆ ಎರಡು ಮಾರು ದೂರದಿಂದ. ತೆಂಗಿನಕಾಯಿ ಒಡೆಯುವ ಕೆಲಸ ಮಾಮಾನ ಪಾಲಿಗೆ ಬಂತು. ಮಾಮಾ ಕಾಯಿ ಒಡೆದು, ಧೋತರದ ಚುಂಗಿಗೆ ಕೈ ಒರೆಸಿಕೊಂಡು, ಯಾರೂ ಕರೆಯುವ ಮೊದಲೇ ಮುಂದಿನ ಸೀಟಿನಲ್ಲಿ ಕೂತುಬಿಟ್ಟರು. “ನಡಿ, ಊರಾಗ ಒಂದ ಚಕ್ಕರ್ ಹೊಡಿಯೂಣು,” ಎಂದರು. ನಾನು ಅತ್ಯಾನ ಮುಖ ನೋಡಿದೆ. ಅವಳು ತಾಟು ಹಿಡಿದು ಒಳಗೆ ಹೋದಳು. ಆ ದಿನ ಊರೆಲ್ಲ ಸುತ್ತಿದರೂ ನನಗೆ ಖುಷಿ ಪೂರ್ತಿ ಆಗಲಿಲ್ಲ. ಅವಳಿಗೆ ಎಪ್ಪತ್ತೈದು ದಾಟಿತ್ತು, ಮೊಳಕಾಲು ಹಿಡಿದುಕೊಂಡಿದ್ದವು, ಬಸ್ಸಿನ ಮೆಟ್ಟಿಲು ಅವಳಿಗೆ ಬೆಟ್ಟವಾಗಿತ್ತು. ಕೊಟ್ಟ ಮಾತು ಕೊಟ್ಟಲ್ಲೇ ಉಳಿದುಬಿಟ್ಟರೆ ಏನು ಗತಿ ಎಂದು ಅಂದಿನಿಂದ ನನಗೆ ಹತ್ತಿದ ಚಿಂತೆ ಹದಿನಾಲ್ಕು ತಿಂಗಳು ಬಿಡಲಿಲ್ಲ.

ಮುಂದೆ ಅತ್ಯಾನ ಮೊಮ್ಮಗಳಿಗೆ ಮುದ್ದೇಬಿಹಾಳದ ವರ ಗೊತ್ತಾದ. ನಿಶ್ಚಯಕ್ಕೆ ಹೋಗಬೇಕು. ನಾನು ಇಂಡಿಯಿಂದ ಕಾರು ತಂದೆ. ಮಾಮಾ ಮುಂದೆ ಕೂತರು. ಅತ್ಯಾ ತನ್ನ ಚೀಲವನ್ನು ಹಿಂದಿನ ಸೀಟಿನಲ್ಲಿ ಇಟ್ಟು, ಬಾಗಿಲು ಹಾಕಿ, ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

“ಚೀಲ ಕೂಡಬಹುದು, ನೀ ಯಾಕ ಕೂಡಬಾರದು?” ಎಂದು ಕೇಳಿದೆ.

“ಚೀಲಕ್ಕೇನು ಮಕ್ಕಳು ಮೊಮ್ಮಕ್ಕಳು ಇದ್ದಾವೇನ?”

ಹೀಗಾಗಿ ಬಸ್ಸು ಮುಂದೆ, ನಾವು ಹಿಂದೆ. ಅತ್ಯಾ ಬೇಕೆಂದೇ ಬಸ್ಸಿನ ಕೊನೆಯ ಸೀಟು ಹಿಡಿದಿದ್ದಳು. ನಮ್ಮ ಮೇಲಲ್ಲ, ಚೀಲದ ಮೇಲೆ ಕಣ್ಣಿಡಲು. ಅದರಲ್ಲಿ ಬೀಗರಿಗೆಂದು ಕಟ್ಟಿದ ಬೇಸನ್ ಉಂಡಿ ಇದ್ದವು. ಅರ್ಧ ದಾರಿ ಹೋಗುವುದರಲ್ಲಿ ಮಾಮಾ ಹಿಂದಕ್ಕೆ ಕೈ ಚಾಚಿ ಒಂದು ಉಂಡಿ ತೆಗೆದರು. ಬಸ್ಸಿನ ಹಿಂದಿನ ಗಾಜಿನಲ್ಲಿ ತಕ್ಷಣ ಒಂದು ಬೆರಳು ಎದ್ದು ನಿಂತಿತು. ಮಾಮಾ ಉಂಡಿಯನ್ನು ಪೂರ್ತಿ ಬಾಯಿಗೆ ಹಾಕಿಕೊಂಡು, ಎರಡೂ ಕೈ ಎತ್ತಿ ಬಸ್ಸಿಗೆ ನಮಸ್ಕಾರ ಮಾಡಿದರು.

ನಡುವೆ ಬಸ್ಸು ನಿಂತಲ್ಲಿ ಕಂಡಕ್ಟರ್ ಇಳಿದು ನಮ್ಮ ಕಡೆ ಬಂದ.

“ಅಕ್ಕಾರ, ಕೈ ಮುಗೀತೇನ್ರಿ, ಒಂದೀಟ ಮುಂದರೆ ಹೋಗ್ರಿ, ಇಲ್ಲಾ ಹಿಂದರೆ ಉಳೀರಿ. ಕರಿ ಕಾರ ಬೆನ್ನ ಹತ್ತೈತಿ ಅಂದ್ರ ಮಂದಿ ಚೆಕಿಂಗ್‌ನವ್ರು ಬಂದಾರ ಅಂತ ತಿಳಕೊಂಡು, ಯಾವತ್ತೂ ಟಿಕೀಟ ತೆಗಸದವರೂ ತೆಗಸಾಕತ್ಯಾರ್ರಿ!”

“ಛಲೋ ಆತಲ್ಲಪಾ,” ಎಂದರು ಮಾಮಾ.

“ಛಲೋ ಆತ್ರಿ, ಆದ್ರ ನಿಮ್ಮ ಮನೀ ಅಜ್ಜಿಯವರು ಒಬ್ಬೊಬ್ಬರನ್ನ ಎಬ್ಬಿಸಿ ‘ಟಿಕೀಟ ತೊಗೊಂಡಿಯೇನ’ ಅಂತ ಕೇಳಾಕತ್ಯಾರಲ್ರಿ!”

ಕರಿ ಕಾರಿನ ಸುಖದುಃಖಗಳ ಬಗ್ಗೆ ಹೇಳುವುದಾದರೆ ಬಹಳ ಇದೆ. ಮೊದಲನೆಯ ದುಃಖ ಧೂಳು. ಇಂಡಿಯಿಂದ ಬಾಗೇವಾಡಿಗೆ ಹೋಗುವಾಗ ನಾನು ಸಿಂದಗಿಯ ಮೇಲೆ ಹೋಗುತ್ತೇನೆ. ಅಲ್ಲಿ ಒಬ್ಬ ಗಾಡಿ ತೊಳೆಯುವವನಿದ್ದಾನೆ. ಅವನ ಕೈಯೂ ಚುರುಕು, ಬಾಯಿಯೂ ಚುರುಕು. “ಅಕ್ಕಾರ, ಬಿಳಿ ಗಾಡಿ ವಾರಕ್ಕೊಮ್ಮೆ ತೊಳದ್ರ ಸಾಕ್ರಿ. ಇದನ್ನ ತೊಳದು ಅರಿವಿ ಹಿಂಡೂದರಾಗ ಮತ್ತ ಧೂಳ ಕುಂತಿರ್ತೈತ್ರಿ,” ಎನ್ನುತ್ತಾನೆ. ಇಂಡಿಯವರು ನಾವು, ಲಿಂಬೆಗೆ ಬರವಿಲ್ಲ. ನಾನು ದೃಷ್ಟಿಗೆಂದು ಬಂಪರಿನ ಕೆಳಗೆ ದಪ್ಪ ಲಿಂಬೆಕಾಯಿ, ಮೆಣಸಿನಕಾಯಿ ಕಟ್ಟಿದ್ದೆ. ಅವನು ಅದನ್ನು ಬಿಚ್ಚಿ ಕೈಗೆ ಕೊಟ್ಟ.

“ಇದ್ಯಾಕ್ರಿ ಇದಕ್ಕ? ಗಾಡೀನ ಪೂರಾ ದೃಷ್ಟಿ ಬೊಟ್ಟ ಐತಿ. ಈ ಲಿಂಬಿಕಾಯಿ ಸೋಡಾದಾಗ ಹಿಂಡ್ಕೊಂಡು ಕುಡೀರಿ, ಹೊಟ್ಟಿ ತಣ್ಣಗಾಗ್ತೈತಿ.”

ಒಳ್ಳೆಯ ವಾದ ಸಿಕ್ಕಿತು ಎಂದು ಅದನ್ನು ಹಾಗೆಯೇ ಅತ್ಯಾನಿಗೆ ಮುಟ್ಟಿಸಿದೆ. ಅತ್ಯಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು: “ಬೊಟ್ಟು ಗಲ್ಲಕ್ಕ ಹಚ್ಚತಾರ. ಕೂಸಿನ್ನ ಕಾಡಿಗ್ಯಾಗ ಅದ್ದಂಗಿಲ್ಲ.”

ಎರಡನೆಯ ದುಃಖ ಬೇಸಿಗೆ. ಚೈತ್ರ ವೈಶಾಖದಲ್ಲಿ ನನ್ನ ಕಾರಿನ ಸ್ಟೇರಿಂಗು ಹಂಚಿನ ಹಾಗೆ ಕಾಯುತ್ತದೆ. ಒದ್ದೆ ಟಾವೆಲ್ಲು ಸುತ್ತಿ ಓಡಿಸುತ್ತೇನೆ. ಆದರೆ ನಮ್ಮ ಓಣಿಯವರು ಅದರಲ್ಲೂ ಸುಖ ಕಂಡರು. ಒಂದು ಮುಂಜಾನೆ ಸಾಲೆಗೆ ಹೊರಟು ನೋಡಿದರೆ ಬಾನೆಟ್ಟಿನ ಮೇಲೆ ಪ್ಲಾಸ್ಟಿಕ್ ಹಾಸಿ, ಅದರ ತುಂಬ ಸಂಡಿಗೆ ಇಟ್ಟಿದ್ದಾರೆ. ಎದುರುಮನೆಯ ವೈನಿ ಸ್ವಲ್ಪವೂ ಅಳುಕದೆ, “ಮಾಳಗಿ ಮ್ಯಾಲೆ ಎರಡ ದಿನ ಹಿಡಿತದ್ರಿ, ಇದರ ಮ್ಯಾಲೆ ಮಧ್ಯಾಹ್ನದೊಳಗ ಖಡಕ್ ಆಗ್ತಾವ. ಇವತ್ತ ಒಂದಿನ ನಡಕೋತ ಹೋಗಿ ಬರ್ರಿ,” ಎಂದರು. ಹೋದೆ. ಸಂಜೆ ಒಂದು ಡಬ್ಬಿ ಸಂಡಿಗೆ ಮನೆಗೆ ಬಂತು. ಈಗ ಬೇಸಿಗೆಯ ರವಿವಾರ ನನ್ನ ಕಾರು ಓಣಿಯದು.

ಮೊಮ್ಮಗಳ ಮದುವೆಯೂ ಆಯಿತು. ಅತ್ಯಾ ಮದುವೆಯ ದಿಬ್ಬಣದ ಬಸ್ಸಿನಲ್ಲಿ ಹೋದಳು, ದಿಬ್ಬಣದ ಬಸ್ಸಿನಲ್ಲೇ ಬಂದಳು. ಕಾರನ್ನು ಕಾರ್ಯಾಲಯದ ಹಿಂದೆ, ಜನರೇಟರಿನ ಪಕ್ಕದಲ್ಲಿ ನಿಲ್ಲಿಸಲು ಹೇಳಿದಳು. ನಾನು ಆಸೆ ಬಿಟ್ಟೆ.

ಸಂಕ್ರಮಣ ಬಂತು. ನಮ್ಮಂಥ ಮನೆಗಳಲ್ಲಿ ಒಂದು ಪದ್ಧತಿಯಿದೆ. ವರ್ಷವಿಡೀ ಶುಭಕಾರ್ಯಕ್ಕೆ ಕರಿ ಬಟ್ಟೆ ಬೇಡ ಎನ್ನುವವರೇ ಮದುವೆಯಾದ ಮೊದಲ ಸಂಕ್ರಮಣಕ್ಕೆ ಹುಡುಗಿಗೆ ಕರಿ ಚಂದ್ರಕಾಳಿ ಸೀರೆ ಉಡಿಸಿ, ಸಕ್ಕರೆಯ ಕುಸುರೆಳ್ಳಿನಿಂದ ಮಾಡಿದ ಬಿಳಿಯ ಆಭರಣ ತೊಡಿಸುತ್ತಾರೆ. ಸೀರೆ ತವರಿನಿಂದ ಹೋಗಬೇಕು. ಅತ್ಯಾ ತಾನೇ ಅಂಗಡಿಯಲ್ಲಿ ಅರ್ಧ ದಿನ ಕೂತು, ಹೊಳೆಯುವ ಕರಿ ಸೀರೆ ಆರಿಸಿದ್ದಳು. ಅದನ್ನು ಚೀಲಕ್ಕೆ ಹಾಕಿದಳು, ಚೀಲವನ್ನು ಕಾರಿನಲ್ಲಿಟ್ಟಳು, ತಾನು ಎಂದಿನಂತೆ ಬಸ್ಸು ಹತ್ತಿದಳು. ಹಬ್ಬದ ಗದ್ದಲ, ಮೈಕೊರೆಯುವ ಥಂಡಿ. ಮುದ್ದೇಬಿಹಾಳದಲ್ಲಿ ಇಳಿಯುವಾಗ ಅವಳ ಮೊಳಕಾಲು ಮಡಿಚಲಾರದಷ್ಟು ಬಿಗಿದಿದ್ದವು. ಕಂಡಕ್ಟರ್ ಒಂದು ಕೈ, ನಾನು ಒಂದು ಕೈ ಹಿಡಿದು ಇಳಿಸಿದೆವು.

ಮಧ್ಯಾಹ್ನ ಹುಡುಗಿಯನ್ನು ಸಿಂಗರಿಸಿದರು. ಕರಿ ಸೀರೆಯ ಮೇಲೆ ಬಿಳಿ ಕುಸುರೆಳ್ಳಿನ ಹಾರ, ಬಾಜುಬಂದು, ಓಲೆ. ಅತ್ಯಾ ಬಂದ ಹೆಂಗಸರಿಗೆಲ್ಲ, “ಇವತ್ತಿನ ದಿವಸ ಕರೀದು ಭಾಳ ಮಂಗಳ ನೋಡ್ರಿ,” ಎಂದು ಹತ್ತು ಸಲ ಹೇಳಿದಳು. ಇನ್ನು ಹುಡುಗಿ ಊರಿನ ನಾಲ್ಕು ಹಿರಿಯರ ಮನೆಗೆ ಹೋಗಿ ಎಳ್ಳು ಕೊಟ್ಟು ಬರಬೇಕು. ನಡೆದರೆ ಸಕ್ಕರೆಯ ಹಾರ ಉದುರುತ್ತದೆ. ಮುಂಜಾನೆಯಿಂದ ಬಿಸಿಲಲ್ಲಿ ನಿಂತಿದ್ದ ನನ್ನ ಕಾರನ್ನು ಬಾಗಿಲಿಗೆ ತಂದೆ. ಮಾಮಾ ಎಂದಿನಂತೆ ಮುಂದೆ ಕೂತರು. ಹುಡುಗಿ ಹಿಂದೆ ಕೂತು, ತಲೆ ಹೊರಗೆ ಹಾಕಿದಳು.

“ಅಜ್ಜಿ, ಬಾ.”

“ನೀವು ನಡೀರಿ. ನಾ ಹಗೂರಕ ನಡಕೋತ ಬರ್ತೀನಿ.”

“ಈಗರೆ ಎಲ್ಲಾರ ಮುಂದ ಕರೀದು ಮಂಗಳ ಅಂದಿ. ಸೀರಿಗೊಂದು ಕಾಯ್ದೆ, ಕಾರಿಗೊಂದು ಕಾಯ್ದೆ ಏನು? ನೀ ಕೂಡದಿದ್ರ ನಾ ಸೀರಿ ಕಳದು ಬ್ಯಾರೆ ಉಟಗೋತೀನಿ.”

ಬಂದ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅತ್ಯಾ ಮೊಮ್ಮಗಳನ್ನು ನೋಡಿದಳು, ಕಾರನ್ನು ನೋಡಿದಳು. ಕೊನೆಗೆ ಮಾಮಾನನ್ನು ಕೇಳಿದಳು:

“ಇವತ್ತ ಪೂರಾ ದಿವಸ ನಡೀತದೇನ್ರೀ?”

ಮಾಮಾ ಒಂದು ಗಳಿಗೆ ಕಣ್ಣು ಮುಚ್ಚಿ, ಪಂಚಾಂಗವನ್ನೇ ಒಳಗೆ ತೆರೆದವರಂತೆ, “ಸೂರ್ಯ ಮುಳುಗೂ ತನಕ ನಡೀತದ,” ಎಂದರು.

“ಎಲ್ಲಿ ಬರದದ?”

“ಹೇಳಿದಷ್ಟು ಕೇಳು. ಹೊತ್ತು ಹೊಂಟದ.” ಹೀಗೆಂದು ಮಾಮಾ ತಾವೇ ಇಳಿದು, ಮುಂದಿನ ಸೀಟು ಬಿಟ್ಟು, ಹಿಂದೆ ಚೀಲದ ಪಕ್ಕಕ್ಕೆ ಹೋಗಿ ಕೂತರು.

ಅತ್ಯಾ ಬಾನೆಟ್ಟಿಗೆ ಕುಂಕುಮ ಹಚ್ಚಿ, ನಾಲ್ಕು ಎಳ್ಳು ಹಾಕಿದಳು. ನಾನು ಬಾಗಿಲು ತೆಗೆದು ಹಿಡಿದೆ. ಅವಳು ಸೀಟಿಗೆ ಬೆನ್ನು ಹಚ್ಚಿದವಳೇ “ಅಯ್ಯ!” ಎಂದಳು.

“ಏನಾತು ಅತ್ಯಾ? ಸುಟ್ಟಿತೇನ?”

“ಸುಮ್ಮನಿರು.” ಅವಳು ಕಣ್ಣು ಮುಚ್ಚಿದ್ದಳು. “ಬೆನ್ನಿಗೆ ಶಾಖಾ ಕೊಟ್ಟಂಗ ಆಗ್ಲಿಕತ್ತದ. ಇಷ್ಟು ದಿವಸ ಇದನ್ನ ಯಾಕ ಹೇಳಿಲ್ಲ?”

“ಖಿಡಕಿ ಇಳಸಲ್ಯಾ?”

“ಬ್ಯಾಡ ಬ್ಯಾಡ, ಕಾವು ಹೊರಗ ಹೋಗ್ತದ.”

ಮೊದಲ ಮನೆಗೆ ಇಳಿದಳು. ಎರಡನೆಯ ಮನೆಗೆ, “ನೀವು ಹೋಗಿ ಬರ್ರಿ, ನಾ ಗಾಡಿ ಕಾಯ್ತೀನಿ,” ಎಂದಳು. ಮೂರನೆಯ ಮನೆಯವರು ಎಳ್ಳನ್ನು ಕಾರಿಗೇ ತಂದು ಕೊಟ್ಟು, ಅವಳಿಗೆ ನಮಸ್ಕಾರ ಮಾಡಿದರು. ಅವಳು ಕೂತಲ್ಲಿಂದಲೇ ಆಶೀರ್ವಾದ ಮಾಡಿದಳು.

ಸಂಜೆ ಹುಡುಗಿಯನ್ನು ಮನೆಗೆ ಬಿಟ್ಟು, ಮರಳಿ ಬಾಗೇವಾಡಿಗೆ ಹೊರಟೆವು. ಬಸ್ ಸ್ಟ್ಯಾಂಡಿನ ಮುಂದೆ ಬರುವಷ್ಟರಲ್ಲಿ ಮನೆಗಳ ಹಿಂದೆ ಹೊತ್ತು ಮುಳುಗಿತ್ತು. ನಾನು ಕಾರು ನಿಲ್ಲಿಸಿದೆ. ಮಾಮಾನ ಕಾಯ್ದೆ ಇಲ್ಲಿಗೆ ಮುಗಿದಿತ್ತು. ಕನ್ನಡಿಯಲ್ಲಿ ನೋಡಿದರೆ ಮಾಮಾ ಅತ್ಯಾನ ಕಡೆಗೇ ನೋಡುತ್ತಿದ್ದರು. ಬಾಗೇವಾಡಿಯ ಬಸ್ಸು ಅಲ್ಲೇ ನಿಂತಿತ್ತು. ಅದೇ ಕಂಡಕ್ಟರ್ ಬಗ್ಗಿ ಒಳಗೆ ನೋಡಿದ.

“ಅಜ್ಜಿಯವರ, ಬರ್ತೀರೇನ್ರಿ? ನಿಮ್ಮ ಸೀಟ ಹಂಗ ಇಟ್ಟೇನ್ರಿ.”

ಅತ್ಯಾ ರಸ್ತೆಯ ತುದಿಯ ಕೆಂಪನ್ನು ನೋಡಿದಳು. ಸೀಟಿಗೆ ಇನ್ನಷ್ಟು ಒತ್ತಿ ಕೂತಳು.

“ಹೊತ್ತಿನ್ನಾ ಮುಳಿಗಿಲ್ಲ,” ಎಂದಳು.

“ಮುಳಿಗೇತಲ್ರಿ ಅಜ್ಜಿ!”

“ಇಲ್ಲಿ ಮುಳುಗಿರಬಹುದಪಾ. ನಾವು ಹೊಂಟದ್ದು ಪಡುವಣಕ್ಕ. ಅಲ್ಲಿನ್ನಾ ಇರ್ತದ.”

“ಹಂಗಾರ ಚೀಲನರೆ ಕೊಡ್ರಿ, ಬಸ್ಸಿನ್ಯಾಗ ಒಯ್ತೇನಿ!” ಎಂದು ಕಂಡಕ್ಟರ್ ನಕ್ಕ. ಮಾಮಾ ಚೀಲವನ್ನು ಎದೆಗವಚಿಕೊಂಡರು. ಅದರಲ್ಲಿ ಬೀಗರು ಕಟ್ಟಿಕೊಟ್ಟ ಬೆಲ್ಲದ ಮಾದಲಿ ಇತ್ತು.

ಊರು ದಾಟಿದೆವು. ಎರೆ ಹೊಲದಲ್ಲಿ ಬಿಳಿಜೋಳದ ತೆನೆಗಳು ಇನ್ನೂ ಕಾಣುತ್ತಿದ್ದವು. ಸ್ವಲ್ಪ ದೂರ ಹೋದ ಮೇಲೆ ಅತ್ಯಾ ನನ್ನ ಕಡೆ ತಿರುಗದೆಯೇ ಕೇಳಿದಳು:

“ಇಂಗಳೇಶ್ವರದ ದಾರ್ಯಾಗ ಏನಂದಿದ್ದೆ ನಾನು?”

ಆ ಮಾತು ನನಗೊಬ್ಬಳಿಗೇ ನೆನಪಿದೆ ಎಂದುಕೊಂಡಿದ್ದೆ. ಅಂದೆ: “ಖಿಡಕಿ ನಿನ್ನ ಕಡೆ ಇರಬೇಕು ಅಂದಿದ್ದಿ.”

“ಹೂಂ. ಈಗ ಇಳಸು.”

ಗಾಜು ಇಳಿಸಿದೆ. ಥಂಡಿ ಗಾಳಿ ಒಳಗೆ ನುಗ್ಗಿತು. ಹಿಂದೆ ಮಾಮಾ “ಏ, ಥಂಡಿ!” ಎಂದು ಚೀರಿದರು. ನಮ್ಮ ಬೆನ್ನ ಹಿಂದೆ ಬಾಗೇವಾಡಿಯ ಬಸ್ಸು ದೀಪ ಹಚ್ಚಿಕೊಂಡು ಬರುತ್ತಿತ್ತು. ಅತ್ಯಾ ಬಳೆಯ ಕೈಯನ್ನು ಖಿಡಕಿಯಿಂದ ಹೊರಗೆ ಹಾಕಿ, ಅದಕ್ಕೆ ಒಂದು ಬೆರಳು ಎತ್ತಿ ತೋರಿಸಿದಳು. ಬಸ್ಸು ಉದ್ದಕ್ಕೆ ಹಾರ್ನು ಹೊಡೆಯಿತು.