ಎರಡೂವರೆ ಡಿಗ್ರಿ

ಕಾಡಸಿದ್ದ ಬಡಿಗೇರ ಮೂವತ್ತೊಂದು ವರ್ಷ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ದುಡಿದ. ಪ್ರಯೋಗ ಮಾಡಿದವನಲ್ಲ, ಮಾಡಿದವರ ಗಾಜಿನ ಕೊಳವೆ ತೊಳೆದವನು. ಹಾರೂಗೇರಿ ಸಮೀಪದ ಪಿಯು ಕಾಲೇಜೊಂದರಲ್ಲಿ ಅಟೆಂಡರ್ ನೌಕರಿ ಸಿಗುವ ಮುಂಚೆ ಅವನು ಬಾಗಿಲು, ಚೌಕಟ್ಟು ಮಾಡುತ್ತಿದ್ದ ಬಡಿಗ. ಓದಿದ್ದು ಏಳನೆಯ ಇಯತ್ತೆ. ಆದರೆ ಮೂಲೆ ನೆಟ್ಟಗಿದೆಯೋ ಇಲ್ಲವೋ ನೋಡುವ ಗುಣ್ಯಾ ಹಿಡಿದು ಅವನು ನಿಂತನೆಂದರೆ ಊರಿನ ದೊಡ್ಡವರೂ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅವನು ಕೂಡಿಸಿದ ಚೌಕಟ್ಟು ಗೋಡೆಗೆ ಕೂಡಲಿಲ್ಲವೆಂದರೆ ಗೋಡೆಯನ್ನೇ ಕೆಡವಬೇಕು ಎಂದು ಜನ ನಗೆಯಾಡುತ್ತಿದ್ದರು. ಅವನು ಮಾತ್ರ ಅದನ್ನು ನಗೆ ಎಂದು ತಿಳಿದಿರಲಿಲ್ಲ.

ಆ ಕೈಯ ಬೆಲೆ ತಿಳಿದವರು ಅಕ್ಕೋಳದ ಶ್ರೀಪಾಲ ಸರ್. ಅವರು ಆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಕರಿಹಲಗೆಯ ಮೇಲೆ ಬರೆದರೆ ಎಲ್ಲ ಅಣುವೂ ರೊಟ್ಟಿಯ ಹಾಗೆ ಚಪ್ಪಟೆಯೆಂದೇ ಹುಡುಗರು ತಿಳಿಯುತ್ತಾರೆ, ಕಟ್ಟಿಗೆಯಲ್ಲಿ ಮಾಡಿಕೊಡು ಎಂದು ಕೇಳಿದರು. ಕಾಣದ ವಸ್ತುವಿನ ಆಕಾರ ನಿಮಗೆ ಹೇಗೆ ತಿಳಿಯಿತು ಎಂದು ಕಾಡಸಿದ್ದ ಕೇಳಿದ್ದಕ್ಕೆ, ಲೆಕ್ಕ ಹಾಕಿ ಹೇಳಬಹುದು ಎಂದರು. ನಡುವಿನ ಪರಮಾಣುವಿನ ಸುತ್ತ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ ಇರುತ್ತವೆ, ಒಂದನ್ನೊಂದು ದೂರ ನೂಕುತ್ತವೆ. ಕೆಲವು ಜೋಡಿಗಳು ಇನ್ನೊಂದು ಪರಮಾಣುವನ್ನು ಹಿಡಿದುಕೊಂಡಿರುತ್ತವೆ, ಕೆಲವು ಸುಮ್ಮನೆ ಕೂತಿರುತ್ತವೆ. ಟಂಟಂ ಗಾಡಿಯಲ್ಲಿ ತೊಡೆಯ ಮೇಲೆ ಗಂಟು ಇಟ್ಟುಕೊಂಡವನು ಮುದುಡಿ ಕೂಡುತ್ತಾನೆ, ಬರಿಗೈಯವನು ಮೊಣಕಾಲು ಅಗಲಿಸಿ ಕೂಡುತ್ತಾನಲ್ಲ, ಹಾಗೆಯೇ ಸುಮ್ಮನೆ ಕೂತ ಜೋಡಿಗಳ ನೂಕು ಜಾಸ್ತಿ. ಆ ನೂಕಿಗೆ ಪರಮಾಣು ಹಿಡಿದ ಕೈಗಳು ಒಳಗೆ ಬಗ್ಗುತ್ತವೆ, ಕೋನ ಕಡಿಮೆಯಾಗುತ್ತದೆ.

"ಅಂದ್ರ ಕುಂತವರು ಕಾಣೂದಿಲ್ಲ, ನೂಕಿದ್ದಷ್ಟ ಕಾಣತೈತಿ ಅನ್ರಿ" ಎಂದ ಕಾಡಸಿದ್ದ. ಪಾಠ ಅಲ್ಲಿಗೆ ಮುಗಿದಿತ್ತು.

ಒಂದು ಮಳೆಗಾಲ ಪೂರ್ತಿ ಕೂತು ಅವನು ಇಪ್ಪತ್ತೆರಡು ಮಾದರಿ ಮಾಡಿದ. ಜಾಲಿ ಕಟ್ಟಿಗೆಯ ಗುಂಡು, ಬಿದಿರಿನ ಕಡ್ಡಿ. ಸರ್ ಚೀಟಿಯಲ್ಲಿ ಕೋನ ಬರೆದುಕೊಟ್ಟರೆ ಅವನು ತಗಡು ಕತ್ತರಿಸಿ ಅಳತೆ ಮಾಡಿಕೊಂಡು ತೂತು ಕೊರೆಯುತ್ತಿದ್ದ. ಹದಿನೇಳನೆಯದು ಕ್ಲೋರಿನ್ ಟ್ರೈಫ್ಲೋರೈಡ್. ನಡುವೆ ಕ್ಲೋರಿನ್, ಅದಕ್ಕೆ ಮೂರು ಕೈ, ಇಂಗ್ಲಿಷಿನ ಟಿ ಅಕ್ಷರದ ಹಾಗೆ. ಸುಮ್ಮನೆ ಕೂತ ಜೋಡಿ ಎರಡಿರುವುದರಿಂದ ಅಡ್ಡಗೈಗಳು ನಡುಗೈಯ ಕಡೆಗೆ ಚೂರು ಬಗ್ಗಿರಬೇಕು. ಕೋನ ತೊಂಬತ್ತಲ್ಲ, ಎಂಬತ್ತೇಳೂವರೆ. ಸರ್ ಬರೆದಂತೆಯೇ ಕೊರೆದ, ಬಣ್ಣ ಹಚ್ಚಿ ಕಪಾಟಿನಲ್ಲಿಟ್ಟ, ಮರೆತ.

ಮಗಳು ಮಾಯಾ ನಾಲ್ಕು ವರ್ಷದವಳಿದ್ದಾಗ ತಾಯಿ ತೀರಿಕೊಂಡಳು. ಶಾಲೆ ಬಿಟ್ಟ ಮೇಲೆ ಕೂಸನ್ನು ಎಲ್ಲಿಡಬೇಕು? ಪ್ರಯೋಗಾಲಯದ ಮೂಲೆಯಲ್ಲಿಟ್ಟ. ಹೀಗಾಗಿ ಅವಳು ಗೊಂಬೆಗಳ ಬದಲು ಅಣುಗಳ ಜೊತೆ ಆಡಿ ದೊಡ್ಡವಳಾದಳು. ಹತ್ತನೆಯ ಇಯತ್ತೆಯಲ್ಲಿದ್ದಾಗ ಮನೆಯ ಎಮ್ಮೆ ಕರು ಹಾಕಲಾರದೆ ಎರಡು ದಿನ ನರಳಿ ಸತ್ತಿತು. ಡಾಕ್ಟರರು ಬಂದದ್ದು ಮೂರನೆಯ ದಿನ. ದನದ ಡಾಕ್ಟರ್ ಆಗುತ್ತೇನೆ ಎಂದು ಅವಳು ಅಂದೇ ಹೇಳಿದಳು. ಆಗಲಿ ಎಂದ ಅಪ್ಪ. ಆಮೇಲೆ ಆ ಮನೆಯಲ್ಲಿ ಬೇರೆ ಆಸೆ ಇರಲಿಲ್ಲ.

ಶ್ರೀಪಾಲ ಸರ್ ನಿವೃತ್ತರಾದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಅತಿಥಿ ಉಪನ್ಯಾಸಕರೊಬ್ಬರು ಬರುವುದು, ಪಾಠಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಹೋಗುವುದು. ಒಂದು ಬೇಸಿಗೆ ರಜೆಯಲ್ಲಿ, ಮಳೆನೀರು ಸೋರಿ ನೆನೆದಿದ್ದ ಕಪಾಟಿನಿಂದ ಮಾದರಿಗಳನ್ನೆಲ್ಲ ಕಾಡಸಿದ್ದ ಬಣ್ಣ ಹಚ್ಚಲು ಮನೆಗೆ ತಂದ. ಹದಿನೇಳನೆಯದಕ್ಕೆ ಬಡಿಗನ ಚಟದಿಂದ ಗುಣ್ಯಾ ಇಟ್ಟು ನೋಡಿದ. ಸಂದಿನಲ್ಲಿ ಬೆಳಕು ಕಂಡಿತು. ಮೂಲೆ ಕೂಡಿಲ್ಲ!

ಅಳತೆಯ ತಗಡು ಎಂದೋ ಕಳೆದಿತ್ತು, ಚೀಟಿಯೂ ಇರಲಿಲ್ಲ. ಕೇಳಲು ಸರ್ ಊರಲ್ಲಿರಲಿಲ್ಲ. ಅಂದು ಮಾಡುವಾಗಲೇ ತನ್ನ ಕೈ ಜಾರಿದೆ, ಇಷ್ಟು ವರ್ಷ ನೂರಾರು ಮಕ್ಕಳ ಮುಂದೆ ಸೊಟ್ಟ ಕೆಲಸ ಇಟ್ಟಿದ್ದೇನೆ ಎಂದು ಅವನಿಗೆ ಮೈ ಹಿಡಿಯಷ್ಟಾಯಿತು. ಹಳೆಯ ತೂತುಗಳಿಗೆ ಕಟ್ಟಿಗೆಪುಡಿ, ಅಂಟು ತುಂಬಿದ. ಒಣಗಿದ ಮೇಲೆ ಸರಿಯಾಗಿ ತೊಂಬತ್ತು ಡಿಗ್ರಿಗೆ ಹೊಸದಾಗಿ ಕೊರೆದ. ಕೊರೆಯುವಾಗ ಗುಂಡು ಅಲುಗಬಾರದೆಂದು ಎರಡೂ ಕೈಯಿಂದ ಒತ್ತಿ ಹಿಡಿದವಳು ಮಾಯಾ. ಆಗ ಅವಳು ಪಿಯು ಮೊದಲ ವರ್ಷ ಮುಗಿಸಿದ್ದಳು.

ಮರುವರ್ಷ ಸಿಇಟಿಯಲ್ಲಿ ಅದೇ ಅಣುವಿನ ಕೋನ ಕೇಳಿದರು. ಮಾಯಾ ತೊಂಬತ್ತಕ್ಕೆ ಗುರುತು ಹಾಕಿ ಬಂದಳು. ಸರಿಯುತ್ತರ, ತೊಂಬತ್ತಕ್ಕಿಂತ ಕಡಿಮೆ. ಪಶುವೈದ್ಯಕೀಯದ ಸೀಟು ಒಂದೇ ಒಂದು ಅಂಕದಲ್ಲಿ ತಪ್ಪಿತು. ಯಾವ ಪ್ರಶ್ನೆ ಕೆಡಿಸಿಕೊಂಡೆ ಎಂದು ಅಪ್ಪ ಕೇಳಿದ. ಕ್ಲೋರಿನ್ನಿನದು, ಮರೆತುಬಿಟ್ಟೆ ಎಂದಳು. ಅವನ ಪಿತ್ತ ನೆತ್ತಿಗೇರಿತು. ಕಣ್ಣೆದುರು ಇಟ್ಟುಕೊಂಡು ಬೆಳೆದದ್ದನ್ನೇ ಮರೆಯುವವಳು ಇನ್ನೇನು ಓದುತ್ತಾಳೆ ಎಂದು ಕೂಗಾಡಿದ, ಕೆಲವು ದಿನ ಮಾತೇ ಬಿಟ್ಟ. ಇನ್ನೊಂದು ಸಲ ಬರೆಯುತ್ತೇನೆ ಎಂದರೆ ಕೇಳಲಿಲ್ಲ. ಉಗಾರ ಖುರ್ದದ ಸಂಬಂಧ ಬಂತು, ಕೊಟ್ಟುಬಿಟ್ಟ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂಬ ಗಾದೆ ಅವನಿಗೂ ಗೊತ್ತಿತ್ತು. ಗೊತ್ತಿದ್ದು ಏನು ಪ್ರಯೋಜನ!

ಒಂಬತ್ತು ವರ್ಷದ ಮೇಲೆ, ಕಳೆದ ಮೇ ತಿಂಗಳಲ್ಲಿ, ಕಾಡಸಿದ್ದನಿಗೂ ನಿವೃತ್ತಿಯಾಯಿತು. ಶಾಲು ಹೊದಿಸಲು ಶ್ರೀಪಾಲ ಸರ್ ಬಂದಿದ್ದರು. ಚಹಾ ಕುಡಿದು ಕಪಾಟಿನ ಮುಂದೆ ನಿಂತು ಒಂದೊಂದೇ ಮಾದರಿಯನ್ನು ಕೈಗೆತ್ತಿಕೊಂಡು ನೋಡಿದರು. ಹದಿನೇಳನೆಯದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನಕ್ಕರು.

"ಕಾಡಸಿದ್ದಾ, ಇದರ ಕೈ ಯಾರೋ ನೆಟ್ಟಗ ಮಾಡ್ಯಾರಲ್ಲೋ. ಎರಡೂವರಿ ಡಿಗ್ರಿ ಬಗ್ಗಿರಬೇಕಿತ್ತು ಇದು."

ಭಾಷಣಗಳಾದವು, ಫೋಟೊ ತೆಗೆದರು, ಅವರು ಹೇಳಿದಲ್ಲಿ ಕಾಡಸಿದ್ದ ಕೂತ, ಹೇಳಿದಲ್ಲಿ ನಿಂತ. ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಉಗಾರಕ್ಕೆ ಹೊರಟ.

ಮಾಯಾ ಈಗ ಅಲ್ಲಿ ಪಶುಸಖಿ. ಮನೆಮನೆಗೆ ಹೋಗಿ ದನಗಳಿಗೆ ಜಂತಿನ ಔಷಧ ಕುಡಿಸುವುದು, ಡಾಕ್ಟರರು ಬಂದಾಗ ಹಗ್ಗ ಹಿಡಿದು ನಿಲ್ಲುವುದು ಅವಳ ಕೆಲಸ. ಅವನು ಹುಡುಕಿಕೊಂಡು ಹೋದಾಗಲೂ ಯಾರದೋ ಕೊಟ್ಟಿಗೆಯಲ್ಲಿ ಎಮ್ಮೆಯೊಂದನ್ನು ಹಿಡಿದು ನಿಂತಿದ್ದಳು. ಅವಳಿಗಿಂತ ಚಿಕ್ಕ ವಯಸ್ಸಿನ ಡಾಕ್ಟರ್ ಹುಡುಗಿಯೊಬ್ಬಳು ಸೂಜಿ ಚುಚ್ಚಿ, ಕೈ ತೊಳೆದು, ಸ್ಕೂಟಿ ಹತ್ತಿ ಹೋದಳು.

"ನೀ ಮರತಿದ್ದಿಲ್ಲ. ನಾನ ತಪ್ಪ ಕೊರದಿದ್ದೆ. ನನ್ನ ನಂಬಿ ತಪ್ಪ ಕಲತಿ" ಎಂದ.

ಅವಳು ಎಮ್ಮೆಯ ಕೊರಳು ಸವರಿದಳು. "ಪುಸ್ತಕದಾಗ ಸರಿ ಇತ್ತಪ್ಪಾ. ಬಗ್ಗಿರತೈತಿ ಅಂತ ಓದಿದ್ದೆ, ಪರೀಕ್ಷಾದಾಗ ನೆನಪೂ ಇತ್ತು. ಅಚ್ಚ ಹಾಕಿದವರು ತಪ್ಪಿರಬೇಕು, ನಮ್ಮಪ್ಪ ಸೊಟ್ಟ ಕೊರಿಯೂದಿಲ್ಲ ಅಂದಕೊಂಡೆ."

"ಮತ್ತ ಆವತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಮತ್ತ ಕಟ್ಟಿಗಿ ಮುಟ್ಟತಿದ್ದಿಲ್ಲ."

ತಪ್ಪಾಯಿತು ಎನ್ನಲು ಬಂದಿದ್ದ ಕಾಡಸಿದ್ದ, "ಎಂಟ ದಿನ ನಿನ್ನ ಕೂಡ ಮಾತ ಬಿಟ್ಟಿದ್ದೆ" ಎಂದಷ್ಟೇ ಅಂದ.

ಮಾಯಾ ಎಮ್ಮೆಯ ಹಗ್ಗವನ್ನು ಗೂಟಕ್ಕೆ ಕಟ್ಟುತ್ತಿದ್ದಳು, ಮುಖ ಎತ್ತಲಿಲ್ಲ.

"ಹನ್ನೊಂದ ದಿನ, ಅಪ್ಪಾ."