ವನಿತಕ್ಕ ಹೇಳದೆ ಬಿಟ್ಟ ಮೂರು ಅಧ್ಯಾಯ

ಜನವರಿಯ ಎರಡನೆಯ ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಗದಗ ಬಸ್ ನಿಲ್ದಾಣದಲ್ಲಿ ವನಿತಾ, ಶಿರಹಟ್ಟಿಗೆ ಹೋಗುವ ಬಸ್ಸಿನ ಕಿಟಕಿಯೊಳಗೆ ಕೈ ತೂರಿಸಿ ಸೀಟಿನ ಮೇಲೆ ಎರಡು ಕರವಸ್ತ್ರ ಹಾಕುತ್ತಿದ್ದರು. ಒಂದು ತಮಗೆ, ಇನ್ನೊಂದು ಸ್ನೇಹಾಳಿಗೆ.

ಶಿರಹಟ್ಟಿಯ ಆಸ್ಪತ್ರೆಯೊಂದರಲ್ಲಿ ವನಿತಾ ರಕ್ತ ತಪಾಸಣೆ ಮಾಡುವವರು. ವಯಸ್ಸು ನಲವತ್ಮೂರು. ಮನೆ ಬೆಟಗೇರಿಯಲ್ಲಿ, ಗಂಡ ಸುಭಾಷ ಅಲ್ಲಿಯೇ ಹಿಟ್ಟಿನ ಗಿರಣಿ ನಡೆಸುತ್ತಾರೆ. ಸ್ನೇಹಾಳಿಗೆ ಇಪ್ಪತ್ನಾಲ್ಕು. ಶಿರಹಟ್ಟಿಯಲ್ಲಿ ಒಂದು ಕಚೇರಿಯ ಕಂಪ್ಯೂಟರ್ ಕೆಲಸ. ಇಬ್ಬರದೂ ದಿನಾ ಒಂದೇ ಬಸ್ಸು.

ನಾಲ್ಕು ವರ್ಷಗಳ ಹಿಂದೆ ವನಿತಾ ಹಳೆಯ ಪುಸ್ತಕ ಮಾರುವ ಜಾಹೀದನಲ್ಲಿ ಒಂದು ಇಂಗ್ಲಿಷ್ ಕಾದಂಬರಿ ಕೊಂಡರು. ಮುಖಪುಟದಲ್ಲಿ ಒಬ್ಬ ಹೆಂಗಸು ಅಂಗೈಯಲ್ಲಿ ರೊಟ್ಟಿ ತಟ್ಟುತ್ತಿದ್ದಳು, ಕೊಳ್ಳಲು ಅಷ್ಟೇ ಕಾರಣ. ಒಳಗೆ ಮೆಕ್ಸಿಕೊದಿಂದ ಅಮೆರಿಕಕ್ಕೆ ಬಂದು ನೆಲೆಸಿದ ಮನೆತನ. ರೊಟ್ಟಿ ಗೋವಿನಜೋಳದ್ದು. ಅಂಗಳದ ತುಂಬ ಒಣಮೆಣಸಿನಕಾಯಿ, ಹದಿನೇಳರ ಹುಡುಗಿ, ಅವಳ ಪ್ರತಿ ಮಾತಿಗೂ ಬಾಯಿ ಹಾಕುವ ಸೋದರತ್ತೆ. ಅಮೆರಿಕದ ಕಾದಂಬರಿಗಳಲ್ಲಿ ಸೋದರತ್ತೆಯರು ಇರುತ್ತಾರೆಂದು ವನಿತಾಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಡುನಡುವೆ ಬರುವ ಸ್ಪ್ಯಾನಿಷ್ ಮಾತುಗಳನ್ನು ಒಂದು ವಹಿಯಲ್ಲಿ ಬರೆದುಕೊಂಡು ಅರ್ಥ ಹುಡುಕಿದರು. ಮೊದಲ ಪುಸ್ತಕಕ್ಕೆ ನಾಲ್ಕು ತಿಂಗಳು ಹಿಡಿಯಿತು, ಎರಡನೆಯದಕ್ಕೆ ಆರು ವಾರ.

ಹೀಗೆ ಮೆಕ್ಸಿಕೊ ಮೂಲದವರು ಬರೆದದ್ದೇ ಬೇಕೆಂದು ವನಿತಾ ಕೇಳಿದಾಗ ಜಾಹೀದ ತನ್ನದೇ ಒಂದು ವಿಧಾನ ಕಂಡುಕೊಂಡ. ಪುಸ್ತಕದ ಬೆನ್ನಿನ ಮೇಲಿನ ಲೇಖಕರ ಅಡ್ಡಹೆಸರು ನೋಡಿ, ಅದು ಆ ಕಡೆಯವರ ಅನೇಕ ಹೆಸರುಗಳಂತೆ ಇಂಗ್ಲಿಷಿನ ಝಡ್ ಅಕ್ಷರದಿಂದ ಮುಗಿದಿದ್ದರೆ, "ಕಡೀಕ ಝಡ್ ಐತಿ ನೋಡ್ರಿ ಅಕ್ಕಾರ, ನಿಮ್ಮ ಮಂದೀದ" ಎಂದು ತೆಗೆದಿಡುತ್ತಿದ್ದ. ಹತ್ತರಲ್ಲಿ ಏಳು ಸರಿಯಾಗಿರುತ್ತಿದ್ದವು. ಒಮ್ಮೆ ಜರ್ಮನಿಯ ರಸಾಯನಶಾಸ್ತ್ರದ ಪಠ್ಯಪುಸ್ತಕವೂ ಬಂತು.

ವನಿತಾ ಬೆಳಿಗ್ಗೆ ಐದಕ್ಕೆ ಎದ್ದು ಚಹಾ ಕುಡಿಯುತ್ತ ಓದುತ್ತಾರೆ. ಗಿರಣಿಗೆ ಹೊರಟ ಸುಭಾಷ ಬಾಗಿಲಲ್ಲಿ ನಿಂತು, ಪುಸ್ತಕದೊಳಗಿನವರ ಬಗ್ಗೆ, "ಇವತ್ತರ ಲಗ್ನ ಆತೇನು ಅವರದು?" ಎಂದು ಕೇಳದ ದಿನವಿಲ್ಲ. ಓದಿದ್ದನ್ನು ಬಸ್ಸಿನಲ್ಲಿ ಸ್ನೇಹಾಳಿಗೆ ಹೇಳುತ್ತಿದ್ದರು. ಬರಬರುತ್ತ, ದಿನಾ ಅದೇ ಬಸ್ಸಿಗೆ ಹೋಗುವ ಹಿಂದಿನ ಸೀಟಿನ ನಾವೂ ಕಿವಿ ಕೊಡತೊಡಗಿದೆವು. ವನಿತಾ ಒಂದು ಪದ್ಧತಿ ಇಟ್ಟುಕೊಂಡಿದ್ದರು: ಬಸ್ಸು ಇಳಿಯುವಾಗ ಯಾರ ಕಣ್ಣಲ್ಲೂ ನೀರಿರಬಾರದು. ಎಲ್ಲರಿಗೂ ಮುಂದೆ ಎಂಟು ತಾಸು ಮಂದಿಯ ಎದುರು ಕೆಲಸ ಮಾಡುವುದಿತ್ತು.

ಈ ಪದ್ಧತಿಯೇ ತಪ್ಪಿಗೆ ದಾರಿಯಾಯಿತು. ಡಿಸೆಂಬರಿನ ಕೊನೆಗೆ ಹಿಡಿದ ಕಾದಂಬರಿಯಲ್ಲಿ ಟೆಕ್ಸಾಸಿನ ಒಬ್ಬ ಹುಡುಗಿ ಬೇರೆ ಮಂದಿಯ ಹುಡುಗನನ್ನು ಪ್ರೀತಿಸಿ, ರೊಟ್ಟಿ ಮಾಡುತ್ತಿದ್ದ ತಾಯಿಗೆ ಅದನ್ನು ಹೇಳುತ್ತಾಳೆ. ತಾಯಿ ಮಾತು ಬಿಡುತ್ತಾಳೆ; ಮೂರು ಅಧ್ಯಾಯ ಪೂರ್ತಿ ಆ ಮೌನ. ವನಿತಾ ಅಲ್ಲಿಗೆ ಬಂದದ್ದು ಒಂದು ಶನಿವಾರ, ಬಸ್ಸು ಮಾಗಡಿ ಕೆರೆ ದಾಟಿದ ಮೇಲೆ. ಉಳಿದದ್ದು ಕಾಲು ತಾಸು. ಅವರು ಮೂರೂ ಅಧ್ಯಾಯಗಳನ್ನು ಬಿಟ್ಟು, ತಾಯಿ ಅಂದು ಸಂಜೆಯೇ ಹುಡುಗನಿಗೂ ಒಂದು ತಾಟು ಹಾಕಿದಳೆಂದು ಹೇಳಿ ಮುಗಿಸಿದರು. ನಾವು ನಗುತ್ತ ಇಳಿದೆವು.

ಸ್ನೇಹಾ ಕಾಲೇಜಿನ ದಿನಗಳಿಂದ ಸೋಮೇಶನನ್ನು ಇಷ್ಟಪಟ್ಟಿದ್ದಳು. ಅವನ ಜಾತಿ ಬೇರೆ. ಮರುದಿನ ಭಾನುವಾರ ಅವಳು ಅಡುಗೆಮನೆಗೆ ಹೋಗಿ, ರೊಟ್ಟಿ ಬಡಿಯುತ್ತಿದ್ದ ತಾಯಿ ಅನ್ನಪೂರ್ಣವ್ವನಿಗೆ ಎಲ್ಲವನ್ನೂ ಹೇಳಿದಳು. ಅನ್ನಪೂರ್ಣವ್ವನ ಕೈ ನಿಂತಿತು, ಮತ್ತೆ ಬಡಿಯತೊಡಗಿತು. ಮಾತು ಬರಲಿಲ್ಲ. ಆ ವಾರವೆಲ್ಲ ಸ್ನೇಹಾ ತಲೆನೋವೆಂದು ಹೇಳಿ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಳು.

ಜನವರಿಯ ಆ ಸೋಮವಾರ ಸೊರಟೂರ ದಾಟಿದ ಮೇಲೆ ಅವಳು ಬಾಯಿ ಬಿಟ್ಟಳು. "ಕಥ್ಯಾಗ ಅವರವ್ವ ಅವತ್ತ ಸಂಜೀಕ ಒಪ್ಪಿದ್ಲು. ನಮ್ಮವ್ವ ಎಂಟ ದಿನಾ ಆತು ನನ್ನ ಹೆಸರ ಹಿಡದ ಕರದಿಲ್ರಿ ಅಕ್ಕಾರ. ಉಣ್ಣಾಕ ಬಾ ಅನ್ನೂದಿಲ್ಲ, ತಾಟ ಸಪ್ಪಳ ಮಾಡ್ತಾಳ. ಆಕಿ ಒಪ್ಪೂ ಪೈಕಿ ಅಲ್ಲ. ಇವತ್ತ ಸೋಮೇಶಗ ಬ್ಯಾಡ ಅಂತ ಹೇಳಿಬಿಡ್ತೀನಿ."

ಫೋನು ಅವಳ ಕೈಯಲ್ಲಿಯೇ ಇತ್ತು.

"ತಡಿ," ಎಂದರು ವನಿತಾ. "ಆಕಿ ಅವತ್ತ ಒಪ್ಪಲಿಲ್ಲ. ನಡುವ ಮೂರ ಅಧ್ಯಾಯ ನಾ ಹೇಳಿಲ್ಲ."

"ನಿಮ್ಮ ಕಥಿ ನಂಬಿ ನಾ ಹೇಳಿದ್ನೆಲ್ರಿ."

"ಖರೆ. ತಪ್ಪ ನಂದ."

ಯಾವ ಸಮರ್ಥನೆಯನ್ನೂ ಕೊಡದೆ ವನಿತಾ ಆ ಮೂರು ಅಧ್ಯಾಯಗಳನ್ನು ಹೇಳತೊಡಗಿದರು. ತಾಯಿ ಮಗಳೊಡನೆ ಮಾತಾಡುವುದಿಲ್ಲ. ಆದರೆ ಅವಳ ಪಾಲಿನ ರೊಟ್ಟಿಯನ್ನು ದಿನವೂ ಬಟ್ಟೆಯಲ್ಲಿ ಸುತ್ತಿ ಬಿಸಿಯಾಗಿಡುತ್ತಾಳೆ. ಮಗಳು ಉಂಡಳೋ ಇಲ್ಲವೋ ಎಂದು ನಾದಿನಿಯನ್ನು ಕೇಳುತ್ತಾಳೆ. ಸ್ನೇಹಾ ಅತ್ತಳು. ಕೆರೆ ದಾಟಿ ಬಹಳ ದೂರ ಬಂದರೂ ವನಿತಾ ಹೇಳುವುದನ್ನು ನಿಲ್ಲಿಸಲಿಲ್ಲ.

ಸ್ನೇಹಾ ಅಂದು ಸೋಮೇಶನಿಗೆ ಫೋನು ಮಾಡಲಿಲ್ಲ. ಅನ್ನಪೂರ್ಣವ್ವ ಮಾತಾಡಿದ್ದು ಇಪ್ಪತ್ತೆರಡನೆಯ ದಿನ. ಆ ಹುಡುಗ ಜೋಳದ ರೊಟ್ಟಿ ಉಣ್ಣುತ್ತಾನೋ, ಬರೀ ಚಪಾತಿಯೋ ಎಂದು ಕೇಳಿದರು. ಮದುವೆಯ ಮಾತು ಇನ್ನೂ ಪೂರ್ತಿಯಾಗಿಲ್ಲ, ನಿಂತೂ ಇಲ್ಲ.

ಆ ಸೋಮವಾರ ಬಸ್ಸಿನಲ್ಲಿ ಇದಾವುದೂ ಯಾರಿಗೂ ತಿಳಿದಿರಲಿಲ್ಲ. ಶಿರಹಟ್ಟಿ ಬಂತು, ಮಂದಿ ಇಳಿಯತೊಡಗಿದರು. ಸ್ನೇಹಾ ಮುಖ ಒರೆಸಿಕೊಂಡು, ಕಥೆಯ ಆ ತಾಯಿ ಒಟ್ಟು ಎಷ್ಟು ದಿನ ಮಾತು ಬಿಟ್ಟಿದ್ದಳೆಂದು ಕೇಳಿದಳು. ಪುಸ್ತಕದಲ್ಲಿ ಅದನ್ನು ಬರೆದಿಲ್ಲ. ಅಲ್ಲಲ್ಲಿ ಬರುವ ತಾರೀಖುಗಳಿಂದ ವನಿತಾ ತಾವೇ ಎಣಿಸಿ ಇಟ್ಟುಕೊಂಡಿದ್ದರು. ಒಂದು ತಿಂಗಳ ಮೇಲೆ ಎಂದಿದ್ದರೂ ನಡೆಯುತ್ತಿತ್ತು. ಅವರು ಹಾಗೆನ್ನಲಿಲ್ಲ.

"ಮೂವತ್ತೇಳು."